ಹೊಸ ವರ್ಷಕ್ಕೆ ಒಂದು ಅರ್ಧ ಪುಟ: ದೇವರ ಮುಂದೆ ಕೂತು ಆದ್ಯತೆ ಗೊತ್ತುಮಾಡಿಕೊಳ್ಳುವ ಬಗೆ

ಕಪಾಟು ಜೋಡಿಸುವಾಗ ಹಳೆಯ ಡೈರಿಯೊಂದು ಸಿಕ್ಕಿತು. ಮೊದಲ ಪುಟದಲ್ಲಿ ನನ್ನದೇ ಕೈಬರಹ. ಜನವರಿ 1 ಅಂತ ತಾರೀಖು ಹಾಕಿ ಹನ್ನೊಂದು ತೀರ್ಮಾನ ಬರೆದಿದ್ದೆ. ಇಡೀ ಸತ್ಯವೇದ (ಬೈಬಲ್) ಓದಬೇಕು. ದಿನಾ ಒಂದು ಗಂಟೆ ಪ್ರಾರ್ಥನೆ. ವಾರಕ್ಕೊಂದು ಉಪವಾಸ. ಸಿಟ್ಟು ಬಿಡಬೇಕು. ಹೀಗೇ ಕೆಳಗಿನವರೆಗೂ. ಒಂದೊಂದೂ ಚಿನ್ನದಂಥ ಮಾತು. ಅಂಚಿನಲ್ಲಿ ಟಿಕ್ ಹಾಕಲು ಸ್ಕೇಲ್ ಇಟ್ಟು ಚೌಕ ಬೇರೆ ಎಳೆದಿದ್ದೆ. ಜನವರಿ 9ರವರೆಗೆ ಟಿಕ್ ಇದೆ. ಆಮೇಲೆ ಖಾಲಿ. ಏಪ್ರಿಲ್‌ನ ಪುಟದಲ್ಲಿ ಯಾರದೋ ಫೋನ್ ನಂಬರ್ ಮಾತ್ರ.

ನನಗೆ ಛಲ ಸಾಲದು ಅಂತ ಆಗ ಅಂದುಕೊಂಡಿದ್ದೆ. ಈಗ ಆ ಪುಟ ಬೇರೆ ಥರ ಕಾಣುತ್ತದೆ. ಹನ್ನೊಂದರಲ್ಲಿ ಯಾವುದು ಮೊದಲು ಅಂತ ನಾನು ಎಲ್ಲೂ ಬರೆದಿರಲಿಲ್ಲ. ಒಂದೇ ಬೆಳಿಗ್ಗೆಗೆ ಎರಡು ತೀರ್ಮಾನ ಜಗಳಕ್ಕೆ ಬಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕು ಅಂತ ಗೊತ್ತಿರಲಿಲ್ಲ. ಹಾಗಾಗಿ ಎಲ್ಲವೂ ಒಟ್ಟಿಗೆ ಕೈಬಿಟ್ಟುಹೋದವು.

'ಆದ್ಯತೆ' ಅನ್ನುವ ಮಾತಿನೊಳಗೇ 'ಆದ್ಯ' ಇದೆ. ಮೊದಲನೆಯದು ಅಂತ ಅರ್ಥ. ಹನ್ನೊಂದು ಮೊದಲನೆಯವು ಇರೋಕೆ ಸಾಧ್ಯವೇ? ಮತ್ತಾಯ 6:33ರಲ್ಲಿ ಯೇಸು ಹೇಳಿದ್ದೂ ಇದನ್ನೇ. ಊಟ ಬೇಡ, ಬಟ್ಟೆ ಬೇಡ ಅನ್ನಲಿಲ್ಲ. ದೇವರ ರಾಜ್ಯಕ್ಕಾಗಿ *ಮೊದಲು* ತವಕಪಡಿ ಅಂದರು. ಸಾಲಿನಲ್ಲಿ ಯಾರು ಮುಂದೆ ನಿಲ್ಲಬೇಕು ಅನ್ನುವುದಷ್ಟೇ ಅಲ್ಲಿನ ಮಾತು. ಈ ಬರಹವೂ ಅಷ್ಟಕ್ಕೇ ಸೀಮಿತ. ಪಟ್ಟಿ ಉದ್ದ ಮಾಡುವ ಉಪಾಯ ಇಲ್ಲಿ ಸಿಗುವುದಿಲ್ಲ.

ಮೊದಲು ಎರಡು ಗಂಟೆ ಹೊಂದಿಸಿ

ಒಂದು ನೋಟ್‌ಬುಕ್, ಒಂದು ಸತ್ಯವೇದ, ಕಳೆದ ವರ್ಷದ ಕ್ಯಾಲೆಂಡರ್ ಇದ್ದರೆ ಸಾಕು. ಫೋನ್ ಸ್ವಲ್ಪ ಹೊತ್ತು ಬೇಕಾಗುತ್ತದೆ. ಆಮೇಲೆ ಇನ್ನೊಂದು ಕೋಣೆಯಲ್ಲಿಡಿ. ಎರಡು ಗಂಟೆ ಒಟ್ಟಿಗೆ ಸಿಗದಿದ್ದರೆ ಅರ್ಧರ್ಧ ಗಂಟೆಯಂತೆ ನಾಲ್ಕು ದಿನ ಮಾಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದೇ ವಾಸಿ.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಕೂತು, ಹನ್ನೆರಡಕ್ಕೆ ಐದು ನಿಮಿಷ ಇರುವಾಗ ತೀರ್ಮಾನ ಮಾಡಬೇಡಿ. ಆ ಹೊತ್ತಿಗೆ ಮನಸ್ಸು ತುಂಬಿರುತ್ತದೆ, ಹಾಡು ಕಿವಿಯಲ್ಲಿರುತ್ತದೆ, ಎಲ್ಲವೂ ಆಗುತ್ತೆ ಅನ್ನಿಸುತ್ತದೆ. ನನ್ನ ಹನ್ನೊಂದು ಹುಟ್ಟಿದ್ದೂ ಅಂಥ ರಾತ್ರಿಯಲ್ಲೇ. ಒಂದು ವಾರ ಮುಂಚೆ ಕೂತರೆ ಒಳ್ಳೆಯದು. ಜನವರಿ ಮಧ್ಯಕ್ಕೆ ಬಂದರೂ ನಷ್ಟವಿಲ್ಲ. ಗ್ರೀಕ್, ರಷ್ಯನ್ ಮುಂತಾದ ಪೂರ್ವ ಆರ್ಥೊಡಾಕ್ಸ್ ಸಭೆಗಳ ಆರಾಧನಾ ವರ್ಷ ಶುರುವಾಗುವುದು ಸೆಪ್ಟೆಂಬರ್ 1ಕ್ಕೆ. ಪಾಶ್ಚಾತ್ಯ ಸಭೆಗಳಲ್ಲಿ ಅದು ಆಗಮನ ಕಾಲದ ಮೊದಲ ಭಾನುವಾರ, ಅಂದರೆ ಕ್ರಿಸ್ಮಸ್‌ಗಿಂತ ನಾಲ್ಕು ಭಾನುವಾರ ಹಿಂದೆ. ಹಾಗಾಗಿ 'ತಡವಾಯ್ತು, ಮುಂದಿನ ವರ್ಷ ನೋಡೋಣ' ಅನ್ನುವ ನೆಪ ನಡೆಯುವುದಿಲ್ಲ.

ಹಿಂದೆ ತಿರುಗಿ ನೋಡಿ, ಆದರೆ ಕೃತಜ್ಞತೆಯಿಂದ ಶುರುಮಾಡಿ

ಸತ್ಯವೇದದಲ್ಲಿರುವ ಹಗ್ಗಾಯ ಪ್ರವಾದಿಯ ಪುಸ್ತಕದ ಮೊದಲ ಅಧ್ಯಾಯ ಓದಿ. ಎರಡೇ ಅಧ್ಯಾಯದ ಪುಸ್ತಕ, ಹತ್ತು ನಿಮಿಷವೂ ಬೇಡ. ಕ್ರಿ.ಪೂ. 520ರ ಮಾತು. ಬಾಬೆಲಿನ ಸೆರೆಯಿಂದ ಮರಳಿ ಬಂದ ಯೆಹೂದ್ಯ ಜನ ತಮ್ಮ ಮನೆಗಳಿಗೆ ಹಲಗೆ ಹೊದಿಸಿಕೊಂಡಿದ್ದಾರೆ. ದೇವಾಲಯ ಮಾತ್ರ ಹಾಳುಬಿದ್ದಿದೆ. ಆಲಯ ಕಟ್ಟುವುದೇ ಬೇಡ ಅಂತ ಯಾರೂ ಅಂದಿಲ್ಲ. 'ಇನ್ನೂ ಕಾಲ ಬಂದಿಲ್ಲ' ಅಂದಿದ್ದಾರೆ, ಅಷ್ಟೇ. ದೇವರನ್ನು ಬೇಡ ಅನ್ನುವವರು ಕಡಿಮೆ. ಆಮೇಲೆ ಅನ್ನುವವರು ನಾವೆಲ್ಲ, ಅಲ್ವಾ? ನೀವು ನಡೆಯುತ್ತಿರುವ ದಾರಿಯನ್ನು ಸ್ವಲ್ಪ ಯೋಚಿಸಿ ನೋಡಿ ಅಂತ ಪ್ರವಾದಿ ಆ ಅಧ್ಯಾಯದಲ್ಲೇ ಎರಡು ಸಲ ಹೇಳುತ್ತಾನೆ.

ಯೋಚಿಸಿ ನೋಡುವುದಕ್ಕೆ, ಜೆಸ್ವಿಟ್ ಸಂಘದ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಒಂದು ಕ್ರಮ ಇದೆ. ಅದನ್ನು ಹದಿನಾರನೇ ಶತಮಾನದಲ್ಲಿ ದಿನದ ಆತ್ಮಪರೀಕ್ಷೆಗೆ ಅಂತ ಮಾಡಿದ್ದು. ವರ್ಷಕ್ಕೂ ಸರಿಹೋಗುತ್ತದೆ. ಮೊದಲು ಕೃತಜ್ಞತೆ. ಆಮೇಲೆ ನೋಡುವ ಬೆಳಕಿಗಾಗಿ ಬೇಡಿಕೆ. ಮೂರನೆಯದಾಗಿ ಲೆಕ್ಕ. ನಾಲ್ಕು, ಕ್ಷಮೆ ಕೇಳುವುದು. ಕೊನೆಗೆ ತಿದ್ದಿಕೊಳ್ಳುವ ತೀರ್ಮಾನ. ತೀರ್ಮಾನ ಎಲ್ಲಿದೆ ನೋಡಿ, ಐದನೆಯ ಜಾಗದಲ್ಲಿ. ನಾವು ಸಾಮಾನ್ಯವಾಗಿ ಅಲ್ಲಿಂದಲೇ ಶುರು ಮಾಡುತ್ತೇವೆ.

ಹೀಗೆ ಮಾಡಿ. ನೋಟ್‌ಬುಕ್‌ನಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ಹನ್ನೆರಡು ಸಾಲು ಹಾಕಿ. ಫೋನ್‌ನಲ್ಲಿರುವ ಫೋಟೊಗಳನ್ನು ತಿಂಗಳ ಲೆಕ್ಕದಲ್ಲಿ ನೋಡುತ್ತ ಬನ್ನಿ. ನೆನಪು ತನ್ನಷ್ಟಕ್ಕೇ ತೆರೆದುಕೊಳ್ಳುತ್ತದೆ. ಪ್ರತಿ ತಿಂಗಳಿಗೂ ದೇವರು ಕಾಪಾಡಿದ ಒಂದು ಸಂಗತಿ ಬರೆಯಿರಿ. ಕೆಲವು ತಿಂಗಳಿಗೆ ಏನೂ ಸಿಗುವುದಿಲ್ಲ. ಆ ಜಾಗ ಖಾಲಿ ಬಿಡಿ. ಸುಮ್ನೆ ತುಂಬಿಸಲು ಹೋಗಬೇಡಿ. ವರ್ಷದಲ್ಲಿ ಯಾರನ್ನಾದರೂ ಮಣ್ಣು ಮಾಡಿ ಬಂದಿದ್ದರೆ ಆ ಸಾಲಿನಲ್ಲಿ ಅಳು ಬರಬಹುದು. ಬರಲಿ. ಪ್ರಲಾಪಗಳ ಪುಸ್ತಕದಲ್ಲಿ, ದೇವರ ಕರುಣೆ ಪ್ರತಿ ಬೆಳಿಗ್ಗೆ ಹೊಸದು ಅನ್ನುವ ಮಾತು ಬರುವುದು ಮೂರನೇ ಅಧ್ಯಾಯದಲ್ಲಿ. ಅದಕ್ಕೆ ಮುಂಚೆ ಎರಡು ಅಧ್ಯಾಯಕ್ಕೂ ಹೆಚ್ಚು ಅಳು ಇದೆ.

ಆಮೇಲೆ ಲೆಕ್ಕ. ಇದಕ್ಕೆ ಮನಸ್ಸನ್ನು ಕೇಳಬೇಡಿ, ಅದು ಸುಳ್ಳು ಹೇಳುತ್ತದೆ. ಮೂರು ದಾಖಲೆ ನೋಡಿ: ಕ್ಯಾಲೆಂಡರ್, ಬ್ಯಾಂಕ್ ಸ್ಟೇಟ್‌ಮೆಂಟ್, ಫೋನ್‌ನ ಸ್ಕ್ರೀನ್ ಟೈಮ್. ಕಳೆದ ವರ್ಷ ನಿಮಗೆ ನಿಜವಾಗಿ ಯಾವುದು ಮೊದಲಾಗಿತ್ತು ಅಂತ ಈ ಮೂರು ಹೇಳುತ್ತವೆ. 'ನನಗೆ ಪ್ರಾರ್ಥನೆಗೆ ಸಮಯವೇ ಸಿಗಲಿಲ್ಲ' ಅಂತ ಬರೆದ ಮೇಲೆ ನಾನು ಸ್ಕ್ರೀನ್ ಟೈಮ್ ತೆಗೆದು ನೋಡಿದೆ. ಬರೆದದ್ದನ್ನು ಹೊಡೆದುಹಾಕಬೇಕಾಯಿತು.

ನೋಡಿ ಆದ ಮೇಲೆ ಅರಿಕೆ ಮಾಡಿ. 1 ಯೋಹಾನ 1:9 ಓದಿ, ಅಲ್ಲಿಗೆ ಬಿಡಿ. ತನ್ನನ್ನೇ ಹಳಿದುಕೊಳ್ಳುತ್ತ ಗಂಟೆಗಟ್ಟಲೆ ಕೂರುವುದು ಪಶ್ಚಾತ್ತಾಪ ಅಲ್ಲ. ಅದೂ ಒಂದು ರೀತಿ ತನ್ನನ್ನೇ ನೋಡಿಕೊಳ್ಳುವ ಚಟ.

ಯಾರ ಜೊತೆಗಾದರೂ ಮಾತು ಬಿಟ್ಟಿದ್ದರೆ ಅದು ಮೊದಲು

ಇದನ್ನು ಹೆಚ್ಚಿನವರು ಹಾರಿಸಿ ಮುಂದೆ ಹೋಗುತ್ತಾರೆ. ನಾನೂ ಬಹಳ ವರ್ಷ ಹಾರಿಸಿದೆ. ಮತ್ತಾಯ 5:23–24ರಲ್ಲಿ ಯೇಸು ಹೇಳುವ ಚಿತ್ರ ನೆನಪಿಸಿಕೊಳ್ಳಿ. ಒಬ್ಬ ಕಾಣಿಕೆ ಹಿಡಿದು ಯಜ್ಞವೇದಿಯ ಹತ್ತಿರ ಬಂದಿದ್ದಾನೆ. ಸಹೋದರನಿಗೆ ತನ್ನ ಮೇಲೆ ಏನೋ ಬೇಸರ ಇದೆ ಅಂತ ಅಲ್ಲಿ ನೆನಪಾಗುತ್ತದೆ. ಕಾಣಿಕೆಯನ್ನು ಅಲ್ಲೇ ಬಿಟ್ಟು *ಮೊದಲು* ಹೋಗು ಅಂತಾರೆ ಯೇಸು. ಮತ್ತೆ ಅದೇ 'ಮೊದಲು'. ಇಲ್ಲಿ ಆರಾಧನೆಯೇ ಕಾಯಬೇಕಾಗುತ್ತದೆ.

ಹತ್ತಿರದ ಸಂಬಂಧಿಯೊಬ್ಬರ ಜೊತೆ ನನಗೆ ಮೂರು ವರ್ಷ ಮಾತಿರಲಿಲ್ಲ. ಕಾರಣ ಬರೆದರೆ ನಿಮಗೆ ನಗು ಬರುತ್ತದೆ, ಅಷ್ಟು ಸಣ್ಣದು. ಆ ಮೂರು ವರ್ಷವೂ ಜನವರಿಯಲ್ಲಿ 'ಪ್ರಾರ್ಥನಾ ಜೀವನ ಆಳವಾಗಬೇಕು' ಅಂತ ಬರೆಯುತ್ತಿದ್ದೆ. ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ 'ನಮ್ಮ ತಪ್ಪುಗಳನ್ನು ಕ್ಷಮಿಸು' ಅನ್ನುವ ಸಾಲು ಬಂದಾಗ ನಾಲಿಗೆ ಬೇಗ ಓಡುತ್ತಿತ್ತು. ಕೊನೆಗೆ ಒಂದು ಡಿಸೆಂಬರ್‌ನಲ್ಲಿ ಫೋನ್ ಮಾಡಿದೆ. ಎರಡು ಸಲ ರಿಂಗ್ ಆಗಿ ಕಟ್ ಆಯಿತು. ಒಳಗೊಳಗೇ ಖುಷಿ ಆಯಿತು, ನನ್ನ ಕೆಲಸ ಮುಗಿಯಿತು ಅಂತ. ಐದು ನಿಮಿಷಕ್ಕೆ ಅವರೇ ಮರಳಿ ಮಾಡಿದರು. ಮಾತು ನಾಲ್ಕು ನಿಮಿಷದಲ್ಲಿ ಮುಗಿಯಿತು. ಅದರಲ್ಲಿ ಎರಡು ನಿಮಿಷ ಮೊಣಕಾಲು ನೋವಿನ ಬಗ್ಗೆ.

ನಿಮ್ಮ ಮಟ್ಟಿಗೆ ಮಾಡಬೇಕಾದದ್ದು ಇಷ್ಟು. ಹೆಸರು ಬರೆಯಿರಿ. ಒಂದು ವಾರದೊಳಗೆ ಒಂದು ಹೆಜ್ಜೆ ಇಡಿ, ಫೋನ್ ಆಗಲಿ, ಎರಡು ಸಾಲಿನ ಮೆಸೇಜ್ ಆಗಲಿ. 'ನೀವು ಹಾಗೆ ಮಾಡಿದಿರಿ, ಆದರೂ ನಾನು' ಅಂತ ಶುರುಮಾಡಬೇಡಿ. ನಿಮ್ಮ ತಪ್ಪಿನ ಪಾಲಷ್ಟನ್ನೇ ಹೇಳಿ. ಅವರು ಒಪ್ಪದಿದ್ದರೂ ಪರವಾಗಿಲ್ಲ. ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಸಮಾಧಾನದಿಂದಿರಿ ಅಂತ ಅಪೊಸ್ತಲ ಪೌಲ ರೋಮಾಪುರದವರಿಗೆ (12:18) ಬರೆಯುವಾಗಲೇ ಎರಡು ಷರತ್ತು ಸೇರಿಸಿದ್ದಾನೆ. ಒಂದು ಎಚ್ಚರಿಕೆ ಮಾತ್ರ. ಹೊಡೆದವರು, ದೌರ್ಜನ್ಯ ಮಾಡಿದವರು ಇದ್ದರೆ ಅವರ ಹತ್ತಿರ ಒಬ್ಬರೇ ಹೋಗಿ ರಾಜಿಯಾಗಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಮೊದಲು ಬರುವುದು ನಿಮ್ಮ ಸುರಕ್ಷತೆ. ನಂಬಿಕಸ್ಥರೊಬ್ಬರ ಸಹಾಯ ಪಡೆಯಿರಿ.

ಒಂದನ್ನು ಆರಿಸಿ, ಎರಡನ್ನು ಪಕ್ಕಕ್ಕಿಡಿ

ಈಗ ಮುಖ್ಯ ಕೆಲಸ. ಮಾರ್ಕ 1:32ರಿಂದ 38ರವರೆಗೆ ನಿಧಾನವಾಗಿ ಓದಿ. ಸಬ್ಬತ್, ಅಂದರೆ ಯೆಹೂದ್ಯರ ವಾರದ ವಿಶ್ರಾಂತಿ ದಿನ, ಮುಗಿದ ಸಂಜೆ. ಊರಿಗೆ ಊರೇ ಬಾಗಿಲಲ್ಲಿ ಬಂದು ನಿಂತಿದೆ. ಯೇಸು ರಾತ್ರಿಯವರೆಗೂ ರೋಗಿಗಳನ್ನು ಗುಣಪಡಿಸುತ್ತಾರೆ. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಜಾಗಕ್ಕೆ ಹೋಗಿ ಪ್ರಾರ್ಥಿಸುತ್ತಾರೆ. ಶಿಷ್ಯ ಸೀಮೋನ ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಅನ್ನುತ್ತಾನೆ. ನಮ್ಮಲ್ಲಿ ಯಾರಿಗಾದರೂ ಹಾಗೆ ಹೇಳಿದರೆ ಏನು ಮಾಡುತ್ತೇವೆ? ಎದ್ದು ಓಡುತ್ತೇವೆ. ಯೇಸು ಮಾತ್ರ, ಪಕ್ಕದ ಊರುಗಳಿಗೆ ಹೋಗೋಣ, ಅಲ್ಲೂ ಸಾರಬೇಕು, ನಾನು ಬಂದದ್ದೇ ಅದಕ್ಕೆ ಅನ್ನುತ್ತಾರೆ.

ಈ ಭಾಗವನ್ನು ಬೇಗ ಏಳುವುದರ ಪಾಠವಾಗಿ ಎಷ್ಟೋ ಸಲ ಕೇಳಿದ್ದೇನೆ. ನನಗೆ ಕಾಣುವುದು ಬೇರೆ. ಪ್ರಾರ್ಥನೆ ಮುಗಿಸಿ ಎದ್ದ ಯೇಸುವಿಗೆ, ಬಾಗಿಲಲ್ಲಿ ನಿಂತಿರುವ ಒಳ್ಳೆಯ ಕೆಲಸಕ್ಕೂ ಇಲ್ಲ ಅನ್ನುವ ಬಿಡುಗಡೆ ಸಿಕ್ಕಿತ್ತು. ಬಂದದ್ದು ಯಾಕೆ ಅಂತ ಗೊತ್ತಿದ್ದವರಿಗೆ ಮಾತ್ರ ಅದು ಸಾಧ್ಯ.

ಹಾಗಾಗಿ ಪ್ರಾರ್ಥನೆಯಲ್ಲಿ ಕೂತು ಒಂದೇ ಪ್ರಶ್ನೆ ಕೇಳಿ: 'ಕರ್ತನೇ, ಈ ವರ್ಷ ನಾನು ನಿನ್ನ ಹತ್ತಿರ ಬರೋಕೆ ಯಾವುದು ಮೊದಲು ಸರಿಹೋಗಬೇಕು?' ಆಕಾಶವಾಣಿ ಕೇಳಿಸಬೇಕಿಲ್ಲ. ಹಿಂದಿನ ಹೆಜ್ಜೆಯಲ್ಲಿ ಬರೆದದ್ದನ್ನು ಮುಂದಿಟ್ಟುಕೊಂಡರೆ ಸಾಮಾನ್ಯವಾಗಿ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತದೆ. ಗೊತ್ತಾಗದಿದ್ದರೆ ನಿಮ್ಮನ್ನು ದಿನಾ ನೋಡುವ ಒಬ್ಬರನ್ನು ಕೇಳಿ. ಗಂಡ, ಹೆಂಡತಿ, ಅಕ್ಕ, ಆತ್ಮೀಯ ಗೆಳೆಯ, ಯಾರಾದರೂ ಸರಿ. 'ನನ್ನಲ್ಲಿ ಯಾವುದು ಬದಲಾದರೆ ನಿನಗೆ ಸಂತೋಷ?' ಅಂತ ಕೇಳಿ ಬಾಯಿ ಮುಚ್ಚಿಕೊಂಡಿರಿ. ಸಮರ್ಥನೆ ಕೊಡಬಾರದು. ಕಷ್ಟದ ಕೆಲಸ.

ಸಿಕ್ಕ ಒಂದನ್ನು ಪುಟದ ಮೇಲ್ಗಡೆ ಬರೆಯಿರಿ. ಅದಕ್ಕೆ ಆಸರೆಯಾಗುವ ಇನ್ನೆರಡನ್ನು ಕೆಳಗೆ ಬರೆಯಿರಿ. ಮೂರು ಸಾಕು. ನಾಲ್ಕನೆಯದಕ್ಕೆ ಕೈ ತುರಿಸುತ್ತದೆ, ಬರೆಯಬೇಡಿ. ಬೆತಾನ್ಯದ ಮನೆಯಲ್ಲಿ ಮಾರ್ಥಳಿಗೆ ಯೇಸು ಹೇಳಿದ್ದು ಗೊತ್ತಲ್ಲ, ನೀನು ಅನೇಕ ವಿಷಯಕ್ಕೆ ಚಿಂತೆ ಮಾಡುತ್ತಿದ್ದೀ, ಬೇಕಾದದ್ದು ಒಂದೇ ಅಂತ. ಮಾರ್ಥಳು ಮಾಡುತ್ತಿದ್ದ ಕೆಲಸದಲ್ಲಿ ಕೆಟ್ಟದ್ದು ಏನಿತ್ತು? ಏನೂ ಇಲ್ಲ. ನನ್ನ ಹನ್ನೊಂದೂ ಅಂಥವೇ.

ಬರೆಯುವಾಗ ಒಂದು ವಿಷಯ ಗಮನಿಸಿ. ಫಲ ಬೇರೆ, ಅಭ್ಯಾಸ ಬೇರೆ. 'ಸಿಟ್ಟು ಬಿಡಬೇಕು', 'ತಾಳ್ಮೆ ಕಲಿಯಬೇಕು' ಇವೆಲ್ಲ ಫಲ. ಗಲಾತ್ಯ 5:22ರಲ್ಲಿ ಇವನ್ನು ಪವಿತ್ರಾತ್ಮನ ಫಲ ಅಂತಲೇ ಕರೆದಿದೆ. ಹಣ್ಣನ್ನು ಯಾರೂ ಗಿಡಕ್ಕೆ ಅಂಟಿಸುವುದಿಲ್ಲ, ನೀರು ಹಾಕುತ್ತಾರೆ. ನಿಮ್ಮ ಕೈಯಲ್ಲಿರುವುದು ಆ ನೀರು. ಹಾಗಾಗಿ 'ತಾಳ್ಮೆ ಕಲಿಯಬೇಕು' ಅನ್ನುವ ಬದಲು 'ಮಕ್ಕಳು ಶಾಲೆಗೆ ಹೊರಡುವ ಮುಂಚಿನ ಅರ್ಧ ಗಂಟೆ ಫೋನ್ ಮುಟ್ಟುವುದಿಲ್ಲ, ಅವರ ತಲೆ ಮೇಲೆ ಕೈಯಿಟ್ಟು ಒಂದು ವಾಕ್ಯದ ಪ್ರಾರ್ಥನೆ ಮಾಡುತ್ತೇನೆ' ಅಂತ ಬರೆಯಿರಿ. 'ಪ್ರಾರ್ಥನೆ ಜಾಸ್ತಿ ಮಾಡಬೇಕು' ಅನ್ನುವ ಬದಲು 'ಬೆಳಿಗ್ಗೆ 6:15ಕ್ಕೆ, ಕಿಟಕಿ ಪಕ್ಕದ ಕುರ್ಚಿ, ಹತ್ತು ನಿಮಿಷ' ಅಂತ ಬರೆಯಿರಿ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಅಂತ ಇಲ್ಲದ ತೀರ್ಮಾನ ಒಂದು ಆಸೆ ಅಷ್ಟೇ.

ಜಾಗ ಮಾಡಿ

ದಿನಕ್ಕೆ ಇಪ್ಪತ್ತೈದನೇ ಗಂಟೆ ಯಾರಿಗೂ ಸಿಗುವುದಿಲ್ಲ. ಹೊಸದು ಒಳಗೆ ಬರಬೇಕಾದರೆ ಇರುವುದೊಂದು ಹೊರಗೆ ಹೋಗಬೇಕು. ಪ್ರತಿ ಸಾಲಿನ ಎದುರಿಗೆ 'ಇದಕ್ಕಾಗಿ ಯಾವುದನ್ನು ಬಿಡುತ್ತೇನೆ' ಅಂತ ಬರೆಯಿರಿ. ಬೆಳಿಗ್ಗೆ 6:15ಕ್ಕೆ ಏಳಬೇಕಾದರೆ ರಾತ್ರಿ ಹನ್ನೊಂದೂವರೆಯ ಸೀರಿಯಲ್ ಹೋಗಬೇಕು. ಈ ಖಾನೆ ಖಾಲಿ ಇದ್ದರೆ ಆ ಸಾಲು ಫೆಬ್ರವರಿ ಕಾಣುವುದಿಲ್ಲ, ನೋಡುತ್ತಿರಿ.

ಕೆಲವರು ಬಿಡಬೇಕಾದದ್ದು ಸಭೆಯ ಕೆಲಸವನ್ನೇ. ಹಾಡಿನ ತಂಡ, ಭಾನುವಾರ ಶಾಲೆ, ಯುವಜನರ ಕೂಟ, ಮೂರು ಕಮಿಟಿ, ಎಲ್ಲದರಲ್ಲೂ ಇದ್ದು ವಾರಗಟ್ಟಲೆ ಸತ್ಯವೇದ ತೆರೆಯದವರು ಇದ್ದಾರೆ. ಪಾಸ್ಟರ್ ಹತ್ತಿರ ಕೂತು ಮಾತಾಡಿ ಒಂದನ್ನು ಇಳಿಸಿಕೊಳ್ಳಿ. ಅವರಿಗೆ ಬೇಸರ ಆಗಬಹುದು. ಇಲ್ಲಿ ಮತ್ತೆ ಸೀಮೋನನ ಮಾತು ನೆನಪಾಗಲಿ.

ವಾಕ್ಯ ಓದುವ ಯೋಜನೆ: ಲೆಕ್ಕ ಹಾಕಿ ಹೆಜ್ಜೆ ಇಡಿ

ಮೂರರಲ್ಲಿ ಒಂದು ಸತ್ಯವೇದ ಓದುವುದಾದರೆ (ಹೆಚ್ಚಿನವರಿಗೆ ಆಗಿರುತ್ತದೆ) ಮೊದಲು ಅಂಕಿ ನೋಡಿ. 66 ಪುಸ್ತಕಗಳ ಸತ್ಯವೇದದಲ್ಲಿ 1,189 ಅಧ್ಯಾಯ ಇವೆ. ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ಕ್ಯಾಥೊಲಿಕ್ ಬೈಬಲ್‌ನಲ್ಲಿ 73 ಪುಸ್ತಕ, ಹಾಗಾಗಿ ಇನ್ನೂ ಸ್ವಲ್ಪ ಜಾಸ್ತಿ. ವರ್ಷದಲ್ಲಿ 1,189 ಮುಗಿಸಲು ದಿನಕ್ಕೆ ಮೂರು ಅಧ್ಯಾಯಕ್ಕಿಂತ ತುಸು ಹೆಚ್ಚು ಓದಬೇಕು.

ಆದಿಕಾಂಡದಿಂದ ಸಾಲಾಗಿ ಹೊರಟರೆ ಏನಾಗುತ್ತದೆ ನೋಡಿ. ಆದಿಕಾಂಡ 50 ಅಧ್ಯಾಯ, ವಿಮೋಚನಕಾಂಡ 40. ಜನವರಿ 28ರ ಸುಮಾರಿಗೆ ಯಾಜಕಕಾಂಡದ ಬಾಗಿಲಿಗೆ ಬರುತ್ತೀರಿ. ಫೆಬ್ರವರಿ ಮೊದಲ ವಾರ ಚರ್ಮರೋಗದ ನಿಯಮ, ಬೂಷ್ಟು ಹಿಡಿದ ಗೋಡೆಯ ನಿಯಮ. ಅದು ದಾಟಿದರೆ ಅರಣ್ಯಕಾಂಡದ ಜನಗಣತಿ. ಎಷ್ಟೋ ಜನರ ಬುಕ್‌ಮಾರ್ಕ್ ಇಂದಿಗೂ ಅಲ್ಲೇ ಇದೆ. ಅವರಲ್ಲಿ ಭಕ್ತಿ ಕಡಿಮೆ ಅಂತಲ್ಲ. ಹೊಸ ಉತ್ಸಾಹ ಇಳಿಯುವ ವಾರವೂ ಕಷ್ಟದ ಪುಸ್ತಕ ಬರುವ ವಾರವೂ ಒಂದೇ, ಅಷ್ಟೇ.

ಹಾಗಾಗಿ ನಿಮಗೆ ಹೊಂದುವುದನ್ನು ಆರಿಸಿ.

ಇದೇ ಮೊದಲ ಸಲ ಆದರೆ ನಾಲ್ಕು ಸುವಾರ್ತೆ ಸಾಕು. ಮತ್ತಾಯ 28, ಮಾರ್ಕ 16, ಲೂಕ 24, ಯೋಹಾನ 21, ಒಟ್ಟು 89 ಅಧ್ಯಾಯ. ದಿನಕ್ಕೊಂದರಂತೆ ಮಾರ್ಚ್ ಮುಗಿಯುವ ಹೊತ್ತಿಗೆ ಮುಗಿಯುತ್ತವೆ. ಆಮೇಲೆ ಏನು ಅಂತ ಆಗ ನೋಡಿಕೊಳ್ಳಿ.

ಹೊಸ ಒಡಂಬಡಿಕೆ ಪೂರ್ತಿ ಬೇಕಾದರೆ ಲೆಕ್ಕ ಇನ್ನೂ ಚೆನ್ನಾಗಿದೆ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯ. 52 ವಾರಕ್ಕೆ ಸರಿಯಾಗಿ 260. ತಪ್ಪಿದ ದಿನ ತುಂಬಿಕೊಳ್ಳಲು ವಾರದಲ್ಲಿ ಎರಡು ದಿನ ಕೈಯಲ್ಲಿ ಉಳಿಯುತ್ತವೆ. ನನ್ನ ಮೆಚ್ಚಿನ ಯೋಜನೆ ಇದೇ. ಆ ಎರಡು ಖಾಲಿ ದಿನ ಇರುವುದರಿಂದಲೇ ಇದು ಡಿಸೆಂಬರ್‌ವರೆಗೆ ಬದುಕುತ್ತದೆ.

ಇಡೀ ಸತ್ಯವೇದವೇ ಬೇಕು ಅಂದರೆ ಸಾಲಾಗಿ ಹೋಗಬೇಡಿ, ಹಳೆಯದು ಹೊಸದು ಬೆರೆಸಿ ಓದಿ. 1842ರಲ್ಲಿ ಸ್ಕಾಟ್ಲೆಂಡಿನ ಡಂಡೀಯಲ್ಲಿ ರಾಬರ್ಟ್ ಮರ್ರೇ ಮೆಕ್‌ಚೇನ್ ಅನ್ನುವ ಯುವ ಪಾಸ್ಟರ್ ತನ್ನ ಸಭೆಗಾಗಿ ಹಾಗೊಂದು ಯೋಜನೆ ಮಾಡಿಕೊಟ್ಟರು. ದಿನಕ್ಕೆ ಸುಮಾರು ನಾಲ್ಕು ಅಧ್ಯಾಯ, ನಾಲ್ಕು ಬೇರೆ ಬೇರೆ ಕಡೆಯಿಂದ. ವರ್ಷದಲ್ಲಿ ಹಳೆಯ ಒಡಂಬಡಿಕೆ ಒಂದು ಸಲ, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳು ಎರಡು ಸಲ. ಮುಂದಿನ ವರ್ಷವೇ, 29ನೇ ವಯಸ್ಸಿಗೆ ಅವರು ತೀರಿಕೊಂಡರು. ಯೋಜನೆ ಇವತ್ತಿಗೂ ಬಳಕೆಯಲ್ಲಿದೆ. ಅದನ್ನು ಕೊಡುವಾಗಲೇ ಅದರ ಅಪಾಯಗಳನ್ನೂ ಅವರು ಬರೆದುಕೊಟ್ಟಿದ್ದರು. ಬರೀ ಶಾಸ್ತ್ರಕ್ಕೆ ಓದುವುದು, ನಾನು ಓದಿ ಮುಗಿಸಿದೆ ಅಂತ ಬೀಗುವುದು, ಕಣ್ಣಾಡಿಸಿ ಬಿಡುವುದು, ಹೊರಲಾರದ ನೊಗ ಆಗುವುದು. ನೂರಾ ಎಂಬತ್ತು ವರ್ಷ ಕಳೆದರೂ ಅಪಾಯಗಳು ಅವೇ.

ಕಣ್ಣಿಗೆ ಕಷ್ಟ ಆದರೆ, ಪ್ರಯಾಣ ಜಾಸ್ತಿ ಇದ್ದರೆ ಆಡಿಯೋ ಕೇಳಿ. ಇಡೀ ಸತ್ಯವೇದ ಗಟ್ಟಿಯಾಗಿ ಓದಲು ಸುಮಾರು 70ರಿಂದ 80 ಗಂಟೆ ಹಿಡಿಯುತ್ತದೆ. ದಿನಕ್ಕೆ 15 ನಿಮಿಷ ಅಂದರೆ ವರ್ಷಕ್ಕೆ 91 ಗಂಟೆ. ನಾವು ಅಂದುಕೊಂಡಷ್ಟು ದೊಡ್ಡ ಬೆಟ್ಟ ಅಲ್ಲ.

ವರ್ಷದ ವಾಗ್ದಾನ ವಚನದ ಬಗ್ಗೆಯೂ ಒಂದು ಮಾತು. ಎಷ್ಟೋ ಸಭೆಗಳಲ್ಲಿ ಕೊಡುತ್ತಾರೆ, ಮನೆಯಲ್ಲೂ ಚೀಟಿ ಎತ್ತುತ್ತಾರೆ. ದಿನಕ್ಕೊಂದು ವಚನ ಆರಿಸಿ ಕೊಡುವ ಪದ್ಧತಿಯೂ ಹಳೆಯದೇ. ಜರ್ಮನಿಯ ಹೆರ್ನ್‌ಹೂಟ್‌ನ ಮೊರೇವಿಯನ್ನರು ಅನ್ನುವ ಪ್ರೊಟೆಸ್ಟಂಟ್ ಸಭೆಯವರು 1731ರಿಂದ ಅದನ್ನು ಅಚ್ಚು ಹಾಕಿಸುತ್ತಿದ್ದಾರೆ. ವಚನ ಸಿಕ್ಕಿದರೆ ಸಂತೋಷ. ಆದರೆ ಅದರ ಸುತ್ತಲಿನ ಅಧ್ಯಾಯವನ್ನು ಓದದೆ ಗೋಡೆಗೆ ಅಂಟಿಸಬೇಡಿ. ಎಲ್ಲರ ಅಚ್ಚುಮೆಚ್ಚಿನ ಯೆರೆಮೀಯ 29:11 ತೆಗೆದುಕೊಳ್ಳಿ. ನಿಮಗೆ ನಿರೀಕ್ಷೆಯನ್ನೂ ಒಳ್ಳೆಯ ಗತಿಯನ್ನೂ ಕೊಡುತ್ತೇನೆ ಅನ್ನುವ ಮಾತು ಅದು. ಅದಕ್ಕೆ ಸರಿಯಾಗಿ ಒಂದು ವಚನ ಹಿಂದೆ, ಬಾಬೆಲಿನಲ್ಲಿ ಎಪ್ಪತ್ತು ವರ್ಷ ಕಳೆದ ಮೇಲೆ ಅಂತಿದೆ. ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಅದನ್ನು ಕಣ್ಣಾರೆ ಕಾಣುವಂತಿರಲಿಲ್ಲ. ಹಾಗೆ ಓದಿದರೆ ಆ ವಚನ ಇನ್ನೂ ಗಟ್ಟಿಯಾಗುತ್ತದೆ.

ಪ್ರಾರ್ಥನೆ, ಉಪವಾಸ

ದಾನಿಯೇಲ 6:10ರಲ್ಲಿ ನಾಲ್ಕು ವಿವರ ಇವೆ. ಮೇಲಿನ ಕೋಣೆ, ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿ, ದಿನಕ್ಕೆ ಮೂರು ಸಲ, *ಮುಂಚಿನಿಂದ ಮಾಡುತ್ತಿದ್ದ ಹಾಗೆ*. ನಾಲ್ಕನೆಯದನ್ನು ನೋಡಿ. ರಾಜನನ್ನು ಬಿಟ್ಟು ಬೇರೆ ಯಾರಿಗೆ ಪ್ರಾರ್ಥಿಸಿದರೂ ಸಿಂಹದ ಗವಿಗೆ ಹಾಕುತ್ತೇವೆ ಅನ್ನುವ ಆಜ್ಞೆ ಬಂದ ದಿನ ದಾನಿಯೇಲ ಹೊಸದಾಗಿ ಏನನ್ನೂ ಶುರುಮಾಡಲಿಲ್ಲ. ಅಭ್ಯಾಸ ಅವನನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಯಿತು. ಜಾಗ ಮತ್ತು ಹೊತ್ತು ಗೊತ್ತುಮಾಡಿಕೊಳ್ಳಿ ಅಂತ ಹಿಂದೆ ಹೇಳಿದ್ದು ಇದಕ್ಕೇ.

ಮಾತು ತೋಚದವರಿಗೆ ಕರ್ತನ ಪ್ರಾರ್ಥನೆ ಇದೆ. ಆದಿ ಸಭೆಯ ಕಾಲದ ದಿದಖೆ ಅನ್ನುವ ಬೋಧನೆಯಲ್ಲಿ ಅದನ್ನು ದಿನಕ್ಕೆ ಮೂರು ಸಲ ಹೇಳಿ ಅಂತಿದೆ.  ಒಂದೊಂದು ಸಾಲಿಗೂ ನಿಂತು ನಿಂತು ಹೇಳಿದರೂ ಎರಡು ನಿಮಿಷ. ಬೇರೆಯವರಿಗಾಗಿ ವಿಜ್ಞಾಪನೆ ಮಾಡುವವರು ಹೆಸರುಗಳನ್ನು ವಾರದ ಏಳು ದಿನಕ್ಕೆ ಹಂಚಿ. ಸೋಮವಾರ ಮನೆಯವರು, ಮಂಗಳವಾರ ರೋಗಿಗಳು, ಹೀಗೆ. ನಲವತ್ತು ಹೆಸರನ್ನು ದಿನಾ ಓದುವುದು ಹಾಜರಿ ಕೂಗಿದ ಹಾಗೆ ಆಗುತ್ತದೆ.

ಉಪವಾಸಕ್ಕೂ ಅದೇ ದಿದಖೆ ಬುಧವಾರ ಮತ್ತು ಶುಕ್ರವಾರ ಅನ್ನುತ್ತದೆ. ಹೊಸಬರು ವಾರಕ್ಕೆ ಒಂದು ಊಟ ಬಿಡುವುದರಿಂದ ಶುರುಮಾಡಿ. ಆ ಊಟದ ಹೊತ್ತನ್ನು ಪ್ರಾರ್ಥನೆಗೆ ಕೊಡಿ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರು, ಎದೆಹಾಲು ಕೊಡುವವರು, ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು. ಊಟದ ಜೊತೆ ಮೊದಲೇ ಗುದ್ದಾಟ ಇರುವವರು ಅದರ ಗೋಜಿಗೇ ಹೋಗಬೇಡಿ. ಒಂದು ದಿನ ಫೋನ್ ಬಿಡಿ. ಅದರ ಹಸಿವೂ ಕಮ್ಮಿ ಇರುವುದಿಲ್ಲ.

ಹಣ, ವಿಶ್ರಾಂತಿ, ಸಭೆ

ಇವು ಮೂರನ್ನು ಬೇಗ ಹೇಳಿ ಮುಗಿಸುತ್ತೇನೆ. ಕೊಡುವುದನ್ನು ತಿಂಗಳ ಕೊನೆಗೆ ಉಳಿದದ್ದರಲ್ಲಿ ಕೊಡಬೇಡಿ. ವಾರದ ಮೊದಲ ದಿನ ಆದಾಯಕ್ಕೆ ತಕ್ಕಂತೆ ತೆಗೆದಿಡಿ ಅಂತ ಪೌಲ 1 ಕೊರಿಂಥ 16:2ರಲ್ಲಿ ಹೇಳುತ್ತಾನೆ. ಸಂಬಳ ಬಂದ ದಿನವೇ ಬೇರೆ ಕವರಿಗೆ ಹಾಕಿದರೆ ಆಯಿತು. ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಕೊಡುವಷ್ಟು ಇಲ್ಲದಿದ್ದರೆ ಆಗುವಷ್ಟು ಕೊಡಿ, ಸಾಲ ಮಾಡಿ ಕೊಡಬೇಡಿ. ವಾರದಲ್ಲಿ ಒಂದು ದಿನ, ಆಗದಿದ್ದರೆ ಅರ್ಧ ದಿನ, ಕೆಲಸದ ಮೆಸೇಜ್ ನೋಡದೆ ಇರಿ. ಸಬ್ಬತ್ ಮನುಷ್ಯನಿಗೋಸ್ಕರ ಇರುವುದು. ಇನ್ನು ಸಭೆ. ಭಾನುವಾರ ಹೋಗುವುದೋ ಬೇಡವೋ ಅಂತ ಪ್ರತಿ ಭಾನುವಾರ ಬೆಳಿಗ್ಗೆ ಯೋಚಿಸುವ ಹಾಗಿದ್ದರೆ ಅದನ್ನು ಈ ಡಿಸೆಂಬರ್‌ನಲ್ಲೇ ಒಂದು ಸಲ ತೀರ್ಮಾನಿಸಿಬಿಡಿ.

ಅರ್ಧ ಪುಟಕ್ಕೆ ಇಳಿಸಿ, ಒಬ್ಬರಿಗೆ ತೋರಿಸಿ

ಈಗ ಬರೆದದ್ದನ್ನೆಲ್ಲ ಅರ್ಧ ಪುಟಕ್ಕೆ ಇಳಿಸಿ ಬರೆಯಿರಿ. ಮೂರು ಸಾಲು, ಪ್ರತಿ ಸಾಲಿಗೆ ಎಲ್ಲಿ, ಯಾವಾಗ, ಯಾವುದನ್ನು ಬಿಟ್ಟು. ಮೇಲೆ 'ಕರ್ತನ ಚಿತ್ತವಿದ್ದರೆ' ಅಂತ ಬರೆಯಿರಿ. ಯಾಕೋಬ 4:15ರ ಮಾತು ಅದು. ವರ್ಷದ ಮಧ್ಯೆ ಕಾಯಿಲೆ ಬರಬಹುದು, ಕೆಲಸ ಹೋಗಬಹುದು, ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿಯಬಹುದು. ಆಗ ಈ ಪುಟ ಬದಲಾಗುತ್ತದೆ. ಬದಲಾಗಲಿ. ಮೆಥಡಿಸ್ಟ್ ಚಳವಳಿಯ ನಾಯಕ ಜಾನ್ ವೆಸ್ಲಿ 1755ರಲ್ಲಿ ಲಂಡನ್‌ನಲ್ಲಿ ದೇವರ ಜೊತೆಗಿನ ಒಡಂಬಡಿಕೆ ನವೀಕರಿಸುವ ಆರಾಧನೆ ಶುರುಮಾಡಿದರು. ಮೆಥಡಿಸ್ಟ್ ಸಭೆಗಳಲ್ಲಿ ಅದನ್ನು ಈಗಲೂ ವರ್ಷದ ಆರಂಭದಲ್ಲಿ ನಡೆಸುತ್ತಾರೆ. ಅಲ್ಲಿನ ಪ್ರಾರ್ಥನೆಯಲ್ಲಿ, ನನ್ನನ್ನು ಕೆಲಸಕ್ಕೆ ಹಚ್ಚು ಅನ್ನುವುದರ ಜೊತೆಗೇ ನನ್ನನ್ನು ಪಕ್ಕಕ್ಕಿಟ್ಟರೂ ನಾನು ನಿನ್ನವನೇ ಅನ್ನುವ ಅರ್ಥದ ಮಾತು ಬರುತ್ತದೆ. ಮೊದಲ ಸಲ ಕೇಳಿದಾಗ ನನಗೆ ಆ ಎರಡನೆಯದನ್ನು ಬಾಯಿಬಿಟ್ಟು ಹೇಳಲು ಆಗಲಿಲ್ಲ.

ಪುಟವನ್ನು ಒಬ್ಬರಿಗೆ ತೋರಿಸಿ. ಒಬ್ಬರಿಗೆ ಮಾತ್ರ. ಸ್ಟೇಟಸ್‌ಗೆ ಹಾಕಬೇಡಿ. ಮತ್ತಾಯ 6ರಲ್ಲಿ ದಾನ, ಪ್ರಾರ್ಥನೆ, ಉಪವಾಸ ಮೂರಕ್ಕೂ ಯೇಸು ಗುಟ್ಟು ಅನ್ನುತ್ತಾರೆ. ಆ ಒಬ್ಬರು ತಿಂಗಳಿಗೊಮ್ಮೆ ಕೇಳಲಿ, 'ಮೊದಲನೆಯ ಸಾಲು ಹೇಗಿದೆ?' ಅಂತ.

ವಾರಕ್ಕೊಮ್ಮೆ ಹತ್ತು ನಿಮಿಷ ನೀವೇ ಪುಟ ತೆಗೆದು ಓದಿ. ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ 1722–23ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮುಂಚೆ, ಎಪ್ಪತ್ತು ತೀರ್ಮಾನ ಬರೆದರು. ವಾರಕ್ಕೊಮ್ಮೆ ಇವನ್ನು ಓದಬೇಕು ಅಂತ ತಲೆಬರಹದಲ್ಲೇ ತಮಗೆ ತಾವೇ ನೆನಪಿಸಿಕೊಂಡಿದ್ದಾರೆ. ದೇವರ ಸಹಾಯವಿಲ್ಲದೆ ನನ್ನಿಂದ ಏನೂ ಆಗದು ಅಂತಲೂ ಅಲ್ಲೇ ಬರೆದಿದ್ದಾರೆ. ಎಪ್ಪತ್ತು ಅವರಿಗೆ ಇರಲಿ, ನಮಗೆ ಮೂರು ಸಾಕು. ಓದುವ ಅಭ್ಯಾಸ ಮಾತ್ರ ಅವರಿಂದ ತೆಗೆದುಕೊಳ್ಳೋಣ.

ಮಾರ್ಚ್, ಜೂನ್, ಸೆಪ್ಟೆಂಬರ್ ಕೊನೆಗೆ ಒಂದು ಗಂಟೆ ಇಟ್ಟುಕೊಳ್ಳಿ. ಈಗಲೇ ಫೋನ್ ಕ್ಯಾಲೆಂಡರ್‌ನಲ್ಲಿ ಹಾಕಿಬಿಡಿ. ಆಗದ ಸಾಲನ್ನು ಚಿಕ್ಕದು ಮಾಡಿ. ಹತ್ತು ನಿಮಿಷ ಆಗದಿದ್ದರೆ ಐದು. ತಪ್ಪಿದ ಅಧ್ಯಾಯಗಳನ್ನು ಒಂದೇ ರಾತ್ರಿ ಕೂತು ತೀರಿಸಲು ಹೋಗಬೇಡಿ. ಬಿಟ್ಟದ್ದು ಬಿಟ್ಟಿರಲಿ, ಇವತ್ತಿನದನ್ನು ಓದಿ. ಇಪ್ಪತ್ತು ಅಧ್ಯಾಯ ಬಾಕಿ ಇದೆ ಅನ್ನುವ ಭಾರಕ್ಕೇ ಸತ್ಯವೇದ ಮುಚ್ಚಿಟ್ಟವರನ್ನು ನೋಡಿದ್ದೇನೆ. ನಾನೂ ಹಾಗೆ ಮುಚ್ಚಿಟ್ಟಿದ್ದೇನೆ.

ನನ್ನ ಈ ಸಲದ ಅರ್ಧ ಪುಟ ಮೇಜಿನ ಮೇಲಿದೆ. ಒಂದನೆಯ ಸಾಲು: ಬೆಳಿಗ್ಗೆ 6:15, ಕಿಟಕಿ ಪಕ್ಕ, ಮಾರ್ಕನಿಂದ ಶುರು, ಫೋನ್ ಬೇರೆ ಕೋಣೆಯಲ್ಲಿ. ಎರಡನೆಯದು: ಭಾನುವಾರ ಮಧ್ಯಾಹ್ನ ಆ ಸಂಬಂಧಿಗೆ ಫೋನ್, ಮೊಣಕಾಲಿನ ಸುದ್ದಿ ಕೇಳುವುದು. ಮೂರನೆಯ ಸಾಲು ಇನ್ನೂ ಖಾಲಿ. 'ನನ್ನಲ್ಲಿ ಯಾವುದು ಬದಲಾಗಬೇಕು' ಅಂತ ಮನೆಯವಳನ್ನು ಕೇಳಿದೆ. 'ಎರಡು ದಿನ ಕೊಡಿ, ಯೋಚಿಸಿ ಹೇಳ್ತೀನಿ' ಅಂದಿದ್ದಾಳೆ.